ವೃದ್ಧಾಶ್ರಮದ ನಕ್ಷೆಯಲ್ಲಿ ಸದ್ದಿನ ಲೆಕ್ಕ

ಪ್ರಶ್ನೆ: ನಮ್ಮ ಟ್ರಸ್ಟ್ ತುಮಕೂರಿನ ಹೊರವಲಯದಲ್ಲಿ 40 ಹಿರಿಯರಿಗಾಗಿ ಎರಡಂತಸ್ತಿನ ವೃದ್ಧಾಶ್ರಮ ಕಟ್ಟಿಸಲಿದೆ. ನಿವೇಶನದ ಮುಂದೆಯೇ ಹೆದ್ದಾರಿ ಇದೆ. ಎತ್ತರದ ಕಾಂಪೌಂಡ್, ಒಂದು ಸಾಲು ಮರ ಮತ್ತು ಎರಡು ಪದರದ ಗಾಜಿನ ಕಿಟಕಿಗಳಿದ್ದರೆ ಸದ್ದಿನ ತೊಂದರೆ ಇರದು ಎನ್ನುತ್ತಾರೆ ನಮ್ಮ ಎಂಜಿನಿಯರ್. ಇಷ್ಟು ಸಾಕೇ? ವೃದ್ಧಾಶ್ರಮಕ್ಕೆ ನಿಶ್ಶಬ್ದ ವಲಯದ ನಿಯಮ ತಾನಾಗಿ ಅನ್ವಯಿಸುತ್ತದೆಯೇ?
– ಟ್ರಸ್ಟಿಯೊಬ್ಬರು, ತುಮಕೂರು

ಉತ್ತರ: ನಿಯಮದ ಮಾತನ್ನು ಮೊದಲು ಮುಗಿಸೋಣ. 2000ದ ಶಬ್ದಮಾಲಿನ್ಯ ನಿಯಮಗಳು ನಿಶ್ಶಬ್ದ ವಲಯದ ಸಂದರ್ಭದಲ್ಲಿ ಆಸ್ಪತ್ರೆ, ಶಿಕ್ಷಣ ಸಂಸ್ಥೆ, ನ್ಯಾಯಾಲಯಗಳನ್ನು ಹೆಸರಿಸುತ್ತವೆಯೇ ಹೊರತು ವೃದ್ಧಾಶ್ರಮವನ್ನಲ್ಲ. ಆದ್ದರಿಂದ ಅದು ತಾನಾಗಿ ಅನ್ವಯಿಸುವುದಿಲ್ಲ, ಸರ್ಕಾರವೇ ಘೋಷಿಸಬೇಕು. ಘೋಷಿಸಿದರೂ ಹೆದ್ದಾರಿಯ ಸದ್ದಿನಲ್ಲಿ ನಿಲ್ಲುವುದು ಹಾರ್ನ್ ಮಾತ್ರ. ಲಾರಿಯ ಎಂಜಿನ್ನು, ಚಕ್ರಗಳ ಸದ್ದಿಗೆ ನಿಶ್ಶಬ್ದ ವಲಯದ ಫಲಕದಿಂದ ಏನೂ ಆಗದು.

ಎಂಜಿನಿಯರ್ ಹೇಳಿದ ಮೂರರಲ್ಲಿ ಮರಗಳ ಸಾಲು ನೆರಳಿಗೆ ಒಳ್ಳೆಯದು, ಸದ್ದನ್ನು ತಡೆಯುವುದರಲ್ಲಿ ಅದರ ಪಾಲು ಇಲ್ಲವೆನ್ನುವಷ್ಟು ಕಡಿಮೆ. ಕಾಂಪೌಂಡ್ ಗೋಡೆಯು ರಸ್ತೆಯನ್ನು ಕಣ್ಣಿಗೆ ಮರೆಮಾಡುವ ಕಡೆ ಮಾತ್ರ ಕೆಲಸ ಮಾಡುತ್ತದೆ. ನೆಲ ಅಂತಸ್ತಿಗೆ ಉಪಕಾರವಾದರೂ ಗೋಡೆಯ ಮೇಲಿಂದ ಹೆದ್ದಾರಿಯನ್ನು ನೋಡುವ ಮೇಲಂತಸ್ತಿಗೆ ಅದರಿಂದ ಪ್ರಯೋಜನವಿಲ್ಲ. ಗಾಜು ಎಷ್ಟೇ ಪದರದ್ದಾದರೂ ಮುಚ್ಚಿದಾಗ ಮಾತ್ರ ತಡೆ, ಏಪ್ರಿಲ್ ತಿಂಗಳಲ್ಲಿ ತುಮಕೂರಿನಲ್ಲಿ ಕಿಟಕಿ ಮುಚ್ಚಿ ಮಲಗುವವರು ಯಾರು? ಅದಕ್ಕಿಂತ ಅಡುಗೆಮನೆ, ಉಗ್ರಾಣ, ಕಚೇರಿ ಮತ್ತು ಮೆಟ್ಟಿಲುಗಳನ್ನು ರಸ್ತೆಯ ಕಡೆಗಿಟ್ಟು ಮಲಗುವ ಕೋಣೆಗಳನ್ನು ಹಿಂಬದಿಗೆ ತಿರುಗಿಸಿ. ನಕ್ಷೆ ಕಾಗದದ ಮೇಲಿರುವಾಗ ಈ ಬದಲಾವಣೆಗೆ ಹೆಚ್ಚಿನ ಖರ್ಚಿಲ್ಲ.

ಆದರೆ ತಮ್ಮ ಪತ್ರದಲ್ಲಿ ಕಟ್ಟಡದ ಒಳಗಿನ ಸದ್ದಿನ ಪ್ರಸ್ತಾಪವೇ ಇಲ್ಲ, ನನಗೆ ಹೆಚ್ಚು ಚಿಂತೆಯಿರುವುದು ಅದರ ಬಗ್ಗೆಯೇ. ವಿಟ್ರಿಫೈಡ್ ಟೈಲ್ಸ್ ನೆಲ, ಗಿಲಾವಿನ ಗೋಡೆ, ಕಾಂಕ್ರೀಟ್ ಸೂರು ಇರುವ ಊಟದ ಕೋಣೆಯಲ್ಲಿ ಈ ಮೇಲ್ಮೈಗಳು ತಮ್ಮ ಮೇಲೆ ಬಿದ್ದ ಸದ್ದಿನ ಬಹುಪಾಲನ್ನು ಹಿಂದಕ್ಕೆ ಎಸೆಯುವುದರಿಂದ, ಸ್ಟೀಲ್ ತಟ್ಟೆಯ ಸಪ್ಪಳ, ಕುರ್ಚಿ ಎಳೆಯುವ ಸದ್ದು ಮತ್ತು ಮಾತು ಒಂದರ ಮೇಲೊಂದು ಕವಿದು, ಪ್ರತಿಯೊಬ್ಬರೂ ಪಕ್ಕದವರಿಗಿಂತ ಜೋರಾಗಿ ಮಾತನಾಡಬೇಕಾಗುತ್ತದೆ. ವಯಸ್ಸಾದ ಕಿವಿ ಮೊದಲು ಕಳೆದುಕೊಳ್ಳುವುದು ಹೆಚ್ಚಿನ ಆವರ್ತನದ, ಅಂದರೆ ಕೀಚಲು ಸದ್ದುಗಳನ್ನು. ಸ, ಶ, ತ, ಕ ಮುಂತಾದ ವ್ಯಂಜನಗಳ ಗುರುತು ಇರುವುದು ಬಹುಮಟ್ಟಿಗೆ ಅಲ್ಲಿಯೇ. ಹೀಗಾಗಿ ಯಾರೋ ಮಾತನಾಡಿದ್ದು ತಿಳಿಯುತ್ತದೆ, ಏನೆಂದದ್ದು ತಿಳಿಯುವುದಿಲ್ಲ. ಶ್ರವಣ ಸಾಧನವೂ ಗದ್ದಲವನ್ನು ಮಾತಿನೊಡನೆಯೇ ದೊಡ್ಡದು ಮಾಡುತ್ತದೆ. ಮರೆವಿನ ಕಾಯಿಲೆ ಇರುವವರಲ್ಲಿ ಇದು ಗಲಿಬಿಲಿಯನ್ನೂ ಸಿಟ್ಟನ್ನೂ ಹೆಚ್ಚಿಸುತ್ತದೆ. ಉಳಿದವರು ಊಟವನ್ನು ಕೋಣೆಗೇ ತರಿಸಿಕೊಳ್ಳತೊಡಗುತ್ತಾರೆ.

ಕೋಣೆಯ ಗಾತ್ರ ಹೆಚ್ಚಿದಷ್ಟೂ ಸದ್ದಿನ ಅನುರಣನ (ಮೂಲ ಸದ್ದು ನಿಂತ ಮೇಲೂ ಕೇಳುವ ಮೊಳಗು) ಹೆಚ್ಚು ಹೊತ್ತು ಉಳಿಯುತ್ತದೆ, ಹೀರುವ ಮೇಲ್ಮೈ ಹೆಚ್ಚಿದಷ್ಟೂ ಬೇಗ ಅಡಗುತ್ತದೆ. ಹಾರ್ವರ್ಡ್‌ನ ಭೌತವಿಜ್ಞಾನಿ ವ್ಯಾಲೇಸ್ ಸೇಬಿನ್ ನೂರು ವರ್ಷಕ್ಕೂ ಹಿಂದೆ ತೋರಿಸಿಕೊಟ್ಟ ಈ ಲೆಕ್ಕವನ್ನು ಅನುಸರಿಸಿ, ಒಂದು ದೊಡ್ಡ ಊಟದ ಕೋಣೆಯ ಬದಲು ಎರಡು ಚಿಕ್ಕವನ್ನು ಮಾಡಿ, ಸೂರಿಗೆ ಸದ್ದು ಹೀರುವ ಮಿನರಲ್ ಫೈಬರ್ ಹಲಗೆಗಳನ್ನು ಹಾಕಿಸಿ. ಸಾಮಾನ್ಯ ಜಿಪ್ಸಮ್ ಫಾಲ್ಸ್ ಸೀಲಿಂಗ್ ಹಾಕಿಸಿ ಕೆಲಸ ಮುಗಿಯಿತೆಂದುಕೊಳ್ಳುವವರು ಬಹಳ. ಆ ನುಣುಪಾದ ಹಲಗೆ ಮಾತಿನ ಸದ್ದನ್ನು ಹೀರುವುದು ಅತ್ಯಲ್ಪ. ಕುರ್ಚಿಯ ಕಾಲಿಗೆ ರಬ್ಬರ್ ಬುಷ್ ಹಾಕಿಸುವುದಕ್ಕೆ ವಾಸ್ತುಶಿಲ್ಪಿಯ ಅಗತ್ಯವೇ ಇಲ್ಲ.

ಆಸ್ಪತ್ರೆಯ ವಾರ್ಡುಗಳಿಗೆ ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲಿ ಸೂಚಿಸಿದ ರಾತ್ರಿಯ ಮಟ್ಟ 30 ಡೆಸಿಬೆಲ್. ಮಲಗುವ ಕೋಣೆಗಳಿಗೆ ಅದೇ ಗುರಿಯಿರಲಿ. ಪಡಸಾಲೆಯ ಬಾಗಿಲುಗಳು ಎದುರುಬದುರಾಗದಿರಲಿ, ಟೊಳ್ಳು ಫ್ಲಶ್ ಡೋರ್ ಬೇಡ, ಶೌಚದ ಕೊಳವೆ ತಲೆದಿಂಬಿನ ಗೋಡೆಯಲ್ಲಿ ಇಳಿಯದಿರಲಿ. ಆದರೆ ಬಾಗಿಲು ಗಟ್ಟಿಯಾದಷ್ಟೂ ಒಳಗೆ ಬಿದ್ದವರ ಕೂಗು ಹೊರಗೆ ಕೇಳಿಸದು. ಹಾಸಿಗೆಯ ಬಳಿ ಮತ್ತು ಸ್ನಾನದ ಮನೆಯಲ್ಲಿ ಸಿಬ್ಬಂದಿಯನ್ನು ಕರೆಯುವ ಗುಂಡಿ (ಬಟನ್) ಇಡದೆ ಈ ಕೆಲಸಕ್ಕೆ ಕೈಹಾಕಬೇಡಿ. ಆ ಕರೆ ಪಡಸಾಲೆಯಲ್ಲಿ ಗಂಟೆ ಬಾರಿಸದೆ, ಸಿಬ್ಬಂದಿಯ ಜೇಬಿನ ಸಾಧನವನ್ನು ಕಂಪಿಸುವಂತಿರಲಿ. ಜನರೇಟರ್ ಕವಚದಿಂದ ಒಂದು ಮೀಟರ್ ದೂರದಲ್ಲಿ 75 ಡೆಸಿಬೆಲ್‌ವರೆಗೂ ಕಾನೂನಿನ ಅವಕಾಶವಿದೆ, ಅದರ ಜಾಗವನ್ನೂ ನಕ್ಷೆಯಲ್ಲಿ ಈಗಲೇ ಗುರುತಿಸಿ.

ಪ್ರಶ್ನೆ: ಹಿರಿಯರ ಮನೆಯೊಂದಕ್ಕೆ ಖರ್ಚು ಉಳಿಸಲು ನೇರವಾಗಿ ತಗಡಿನ ಸೂರು ಹಾಕಬಹುದೇ?
– ಓದುಗರು, ಸಾಗರ

ಉತ್ತರ: ಮಲೆನಾಡಿನ ಆಷಾಢದ ಮಳೆಯಲ್ಲಿ ಬರಿಯ ತಗಡಿನ ಕೆಳಗೆ ಪಕ್ಕದವರ ಮಾತೂ ಕೇಳಿಸದು. ಮಂಗಳೂರು ಹೆಂಚು ಭಾರವಾದ್ದರಿಂದ ಅಷ್ಟು ಅದುರುವುದಿಲ್ಲ. ತಗಡು ಅನಿವಾರ್ಯವಾದರೆ ಅದರ ಅಡಿಗೆ ತಾಗಿದಂತೆ ಗ್ಲಾಸ್‌ವುಲ್ (ಗಾಜಿನ ನಾರಿನ ಹಾಸು) ಹೊದಿಸಿ, ಕೆಳಗೆ ಅಂತರ ಬಿಟ್ಟು ಸೀಲಿಂಗ್ ಮಾಡಿಸಿ. ಆ ಖರ್ಚನ್ನೂ ಸೇರಿಸಿದ ಮೇಲೆ ಹೆಂಚಿಗಿಂತ ಎಷ್ಟು ಉಳಿಯುತ್ತದೆಂದು ಬಡಗಿಯಿಂದ ಲೆಕ್ಕ ಹಾಕಿಸಿ ನಿರ್ಧರಿಸಿ.