ಹಿತ್ತಿಲ ಹಳ್ಳದ ದಂಡೆ ಕೊರೆಯುತ್ತಿದೆ: ಕಾಂಕ್ರೀಟ್ ಹಾಕಿಸಲೇ, ಕಲ್ಲು ಹಾಸಲೇ?

ಧಾರವಾಡದ ಹೊರವಲಯದ ಎರೆಮಣ್ಣಿನ ಜಾಗ, ಹಿತ್ತಿಲಲ್ಲಿ ಮಳೆಗಾಲದ ಹಳ್ಳ, ವರ್ಷವರ್ಷವೂ ದಂಡೆ ಕುಸಿಯುತ್ತಿದೆ ಎಂದಿದ್ದೀರಿ. ಕಾಂಕ್ರೀಟ್ ಬೇಡ. ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ತೂರುವಷ್ಟು ಬಿರಿಯುತ್ತದೆ. ಅದರ ಮೇಲಿನ ಕಾಂಕ್ರೀಟ್ ಸೀಳುತ್ತದೆ, ಸೀಳಿನೊಳಗೆ ನೀರು ಹೊಕ್ಕು ಅಡಿಯ ಮಣ್ಣನ್ನು ಟೊಳ್ಳು ಮಾಡುವುದು ಮೇಲಿನಿಂದ ಕಾಣುವುದೂ ಇಲ್ಲ. ಕಲ್ಲಾದರೆ ಮಣ್ಣಿನ ಜೊತೆ ತಾನೂ ಕುಸಿದು ಹೊಂದಿಕೊಳ್ಳುತ್ತದೆ. ನಮ್ಮ ಹಿತ್ತಿಲಿಗೂ ಅದನ್ನೇ ಮಾಡಿಸಿದ್ದೇವೆ.

ಕಲ್ಲು ತರಿಸುವ ಮೊದಲು ಹಳ್ಳದಗುಂಟ ಕೆಳಗಡೆಗೆ ಒಮ್ಮೆ ನಡೆದು ನೋಡಿ. ತಳ ಎಲ್ಲಾದರೂ ಮೆಟ್ಟಿಲಿನಂತೆ ಕಡಿದಿದ್ದರೆ ನಿಮ್ಮ ರೋಗದ ಮೂಲ ಅಲ್ಲಿದೆ. ಆ ಕಡಿತ ಪ್ರತಿ ದೊಡ್ಡ ಮಳೆಗೂ ಮೇಲ್ಮುಖವಾಗಿ ನಿಮ್ಮ ಮನೆಯತ್ತ ಸರಿಯುತ್ತದೆ. ತಳ ಆಳವಾದಂತೆ ದಂಡೆ ಕಾಲು ಕಳೆದುಕೊಂಡು ಬೀಳುತ್ತದೆ. ಅದನ್ನು ಇಳಿಜಾರು ಮಾಡಿ ಕಲ್ಲು ತುಂಬದೆ ಬರೀ ದಂಡೆಗೆ ಹಾಸಿದರೆ ಹಣ ನೀರಿಗೆ ಹಾಕಿದಂತೆಯೇ, ಅಕ್ಷರಶಃ.

ದಂಡೆಯನ್ನು ಒಂದಡಿ ಎತ್ತರಕ್ಕೆ ಎರಡಡಿ ಅಡ್ಡ ಬರುವಂತೆ ಓರೆಯಾಗಿ ತರಿಯಿರಿ. ಬುಡದಲ್ಲಿ ಹಳ್ಳದ ತಳಕ್ಕಿಂತ ಎರಡು ಮೂರು ಅಡಿ ಆಳಕ್ಕೆ ತೋಡಿ, ಅತಿ ದೊಡ್ಡ ಕಲ್ಲುಗಳನ್ನು ಅಲ್ಲಿ ಹೂಳಿಸಿ, ಆಮೇಲೆ ಮೇಲಕ್ಕೆ ಬನ್ನಿ. ಕಲ್ಲಿನಡಿಯಲ್ಲಿ ನೀರು ಬಿಟ್ಟು ಮಣ್ಣನ್ನು ತಡೆಯುವ ಜಿಯೋಟೆಕ್ಸ್‌ಟೈಲ್ ಬಟ್ಟೆ, ಅದರ ಮೇಲೆ ನಾಲ್ಕಾರು ಇಂಚು ಖಡಿ ಕಡ್ಡಾಯ. ಇಲ್ಲದಿದ್ದರೆ ನೀರು ಸಂದಿಗಳಿಂದ ಮಣ್ಣನ್ನು ಎಳೆದೊಯ್ಯುತ್ತದೆ, ಕಲ್ಲು ಹೂತುಹೋಗುತ್ತದೆ. ಅಗ್ಗವೆಂದು ಪ್ಲಾಸ್ಟಿಕ್ ಹಾಳೆ ಹಾಕಿಸಬೇಡಿ. ಮಣ್ಣಿನೊಳಗಿನ ನೀರು ಹೊರಬರಲು ದಾರಿಯಿಲ್ಲದೆ ಹಿಂದಿನಿಂದ ಒತ್ತುತ್ತದೆ.

ಇನ್ನು ಕಲ್ಲು. ನದಿಯ ಗುಂಡುಗಲ್ಲು ಚೆಂದ, ಆದರೆ ಉರುಳುತ್ತದೆ; ಗಣಿಯ ಮೂಲೆಮೂಲೆಯ ಕಲ್ಲು ಒಂದಕ್ಕೊಂದು ಕಚ್ಚಿಕೊಳ್ಳುತ್ತದೆ. ಭೂವಿಜ್ಞಾನದಲ್ಲಿ ಧಾರವಾಡಕ್ಕೆ ಹೆಸರು ತಂದ ಶಿಸ್ಟ್ ಶಿಲೆ ಈ ಕೆಲಸಕ್ಕೆ ಬಾರದು, ಪದರಪದರವಾಗಿ ಬಿಚ್ಚಿಕೊಳ್ಳುತ್ತದೆ. ನಮ್ಮ ಗೌಂಡಿ ಪ್ರತಿ ಕಲ್ಲನ್ನೂ ಸುತ್ತಿಗೆಯಿಂದ ತಟ್ಟುತ್ತಿದ್ದರು. ಖಣ್ ಎಂದರೆ ಒಳಗೆ, ಬೊದ್ದು ದನಿ ಬಂದರೆ ಬದಿಗೆ. ಆರಿಂದ ಹನ್ನೆರಡು ಇಂಚಿನವು ಕಲಸಿರಲಿ, ಸಣ್ಣವು ಸಂದಿ ತುಂಬುತ್ತವೆ. ಹಾಸಿನ ದಪ್ಪ ಅತಿ ದೊಡ್ಡ ಕಲ್ಲಿಗಿಂತ ಕಡಿಮೆಯಾಗಬಾರದು. ಹಳ್ಳ ಹರಿಯುವ ಇಳಿಜಾರು ಕಡಿದಾಗಿದ್ದರೆ ಇದೂ ಸಾಲದು: ನೀರಿನ ವೇಗ ಇಮ್ಮಡಿಯಾದರೆ ಅದನ್ನು ತಡೆದು ನಿಲ್ಲುವ ಕಲ್ಲಿನ ಅಡ್ಡಳತೆ ನಾಲ್ಕು ಪಟ್ಟು ಬೇಕು, ತೂಕ 64 ಪಟ್ಟು. ಹಾಗಿದ್ದಲ್ಲಿ ಎಂಜಿನಿಯರೊಬ್ಬರನ್ನು ಕರೆಸಿ ನೋಡಿಸಿ.

ಕಲ್ಲಿನ ಸಾಲಿನ ಮೇಲುಗಡೆ ಲಾವಂಚ ನೆಡಿ, ಲಕ್ಕಿಯ ಕಡ್ಡಿ ಊರಿ. ಲಕ್ಕಿಯನ್ನು ದನ ತಿನ್ನುವುದಿಲ್ಲ ಎಂಬುದೇ ಅರ್ಧ ಅನುಕೂಲ.

ಹಳ್ಳ ಬಹುತೇಕ ಸರ್ಕಾರಿ ಖರಾಬು ಜಮೀನಾಗಿರುತ್ತದೆ, ಹಾಗಾಗಿ ನಕ್ಷೆ ತೆಗೆಸಿ, ತಹಶೀಲ್ದಾರ್ ಕಚೇರಿಯಲ್ಲಿ ವಿಚಾರಿಸಿಯೇ ಕೆಲಸಕ್ಕೆ ಕೈಹಾಕಿ. ಕಲ್ಲಿನ ದಪ್ಪದಷ್ಟು ಮೊದಲೇ ಅಗೆದುಕೊಳ್ಳಿ, ಹಳ್ಳದ ಅಗಲ ಕುಗ್ಗಬಾರದು. ಇರುಕಾದರೆ ನೀರಿನ ಸೆಳೆತ ಹೆಚ್ಚಿ ಕೆಳಗಿನ ಹೊಲದವರ ದಂಡೆ ಹೋಗುತ್ತದೆ, ಅವರು ಜಗಳಕ್ಕೆ ಬಂದರೆ ನ್ಯಾಯ ಅವರ ಕಡೆಗೇ ಇರುತ್ತದೆ. ಕೆಲಸವೆಲ್ಲ ರೋಹಿಣಿ ಮಳೆಗೆ ಮುಂಚೆ ಮುಗಿಯಲಿ. ಎರೆ ಹಸಿಯಾದ ಮೇಲೆ ಜೆಸಿಬಿ ಹಿತ್ತಿಲಿಗೆ ಇಳಿಯಬಹುದು, ಮೇಲೆ ಬರುವುದು ಕಷ್ಟ.