ಅತ್ತಿಬೆಲೆ ದಾಟಿ ಬರುವ ಪುಸ್ತಕ

ಮಗುವಿನ ಮೂತ್ರ ಪರೀಕ್ಷೆಗೆಂದು ಅತ್ತಿಬೆಲೆಯ ಗಡಿ ದಾಟಿ ಬೆಂಗಳೂರಿನವರೆಗೆ ಬರಬೇಕೇ, ನಿಮ್ಮೂರಲ್ಲಿ ಆಗುವುದಿಲ್ಲವೇ ಎಂದು ಕೇಳಿದಿರಿ. ಆಗುತ್ತದೆ, ಮನೆಯಲ್ಲೇ ಆಗುತ್ತದೆ. ಬೆಳಗಿನ ಮೂತ್ರದಲ್ಲಿ ಪ್ರೋಟೀನ್ ಇದೆಯೇ ಎಂದು ತೋರಿಸುವ ಪರೀಕ್ಷಾ ಪಟ್ಟಿ ಅದ್ದಿ, ಬಣ್ಣ ನೋಡಿ ಪುಸ್ತಕದಲ್ಲಿ ಬರೆಯುತ್ತೇವೆ. ನಾವು ಬರುವುದು ಆ ಪುಸ್ತಕ ಹೊತ್ತುಕೊಂಡು.

ನಮ್ಮದು ತಳಿ ಹತ್ತಿರದ ಹಳ್ಳಿ. ಮನೆಮಾತು ಕನ್ನಡ, ರೇಷನ್ ಕಾರ್ಡು ತಮಿಳುನಾಡಿನದು, ಜಿಲ್ಲೆ 2004ರಿಂದ ಕೃಷ್ಣಗಿರಿ. ಮಗುವಿಗೆ ದೊಡ್ಡ ಕಾಯಿಲೆ ಎಂದರೆ ಮಾತ್ರ ಹೊಸೂರಿಗೆ ಬಂದು ಬೆಂಗಳೂರಿನ ಬಸ್ಸು ಹತ್ತುತ್ತೇವೆ. ನಿಮ್ಹಾನ್ಸ್ ಪಕ್ಕದ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯ ಅಂಗಳದಲ್ಲಿ ನಿಂತು ನೋಡಿ, ಕನ್ನಡದ ಜೊತೆಗೆ ತಮಿಳು, ತೆಲುಗು ಎರಡೂ ಕಿವಿಗೆ ಬೀಳುತ್ತವೆ.

ನನ್ನ ತಂಗಿಯ ಮಗನಿಗೆ ಎರಡು ವರ್ಷ ತುಂಬುವ ಮೊದಲು ಒಂದು ಬೆಳಿಗ್ಗೆ ಕಣ್ಣಿನ ರೆಪ್ಪೆಗಳು ಬಾತುಕೊಂಡವು. ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ಮಗುವಿನ ಮೊಣಕಾಲ ಕೆಳಗೆ ಹೆಬ್ಬೆರಳು ಒತ್ತಿದರು. ಬೆರಳು ತೆಗೆದರೂ ಗುಳಿ ಹಾಗೆಯೇ ಉಳಿಯಿತು. ಮೂತ್ರದಲ್ಲಿ ಪ್ರೋಟೀನ್ ಸೋರುತ್ತಿದೆ ಎಂದು ಅಂದೇ ಕಂಡುಹಿಡಿದು ಚೀಟಿ ಬರೆದು ಕಳಿಸಿದವರು ಅವರೇ. ಅವರ ಋಣ ನಮ್ಮ ಮೇಲಿದೆ.

ಬೆಂಗಳೂರಿನಲ್ಲಿ ಅದಕ್ಕೆ ನೆಫ್ರೋಟಿಕ್ ಸಿಂಡ್ರೋಮ್ ಎಂದರು, ಮೂತ್ರಪಿಂಡದಿಂದ ಪ್ರೋಟೀನ್ ಸೋರಿ ಮೈ ಊದುವ ಕಾಯಿಲೆ. ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ 6 ವಾರ ಪ್ರತಿದಿನ, ಮತ್ತೆ 6 ವಾರ ದಿನ ಬಿಟ್ಟು ದಿನ. ನಡುವೆ ಥಟ್ಟನೆ ನಿಲ್ಲಿಸುವಂತಿಲ್ಲ. ಎರಡೂ ಕಡೆಯ ವೈದ್ಯರು ಒಳ್ಳೆಯವರು. ಆದರೆ ಒಬ್ಬರ ಮಾತನ್ನು ಇನ್ನೊಬ್ಬರಿಗೆ ಮುಟ್ಟಿಸಲು ಇದ್ದವಳು ನನ್ನ ತಂಗಿ ಒಬ್ಬಳೇ. ಅವಳು ಕನ್ನಡ ಶಾಲೆಯಲ್ಲಿ ಏಳನೆಯ ತರಗತಿ ಓದಿದವಳು, ಫೈಲು ಇರುವುದು ಇಂಗ್ಲಿಷಿನಲ್ಲಿ.

ಅಷ್ಟರಲ್ಲಿ ದಡಾರ-ರುಬೆಲ್ಲಾದ ಎರಡನೆಯ ಚುಚ್ಚುಮದ್ದಿನ ದಿನ ಬಂತು. ನರ್ಸಮ್ಮ ಪೆಟ್ಟಿಗೆ ಹಿಡಿದು ಬಾಗಿಲಿಗೇ ಬಂದರು. ಅದು ಜೀವಂತ ವೈರಸ್ಸಿನ ಲಸಿಕೆ. ಹೆಚ್ಚು ಪ್ರಮಾಣದಲ್ಲಿ ಸ್ಟೀರಾಯ್ಡ್ ತೆಗೆದುಕೊಳ್ಳುವ ಮಗುವಿಗೆ ಆಗ ಅದನ್ನು ಕೊಡಬಾರದು. ಏನು ಔಷಧಿ ಎಂದು ನರ್ಸಮ್ಮ ಕೇಳಿದರೆ ತಂಗಿ ‘ಊತಕ್ಕೆ’ ಎಂದಳು. ಅವಳ ತಪ್ಪೂ ಅಲ್ಲ, ನರ್ಸಮ್ಮನ ತಪ್ಪೂ ಅಲ್ಲ, ಲಸಿಕೆಯ ಕಾರ್ಡಿನಲ್ಲಿ ಯಾರೂ ಏನನ್ನೂ ಬರೆದಿರಲಿಲ್ಲ. ನಾನು ಆ ಹೊತ್ತಿಗೆ ಮನೆಗೆ ಹೋಗಿ ಫೈಲು ತೆರೆದದ್ದಕ್ಕೆ ಎರಡನೆಯ ಹಾಳೆಯ ಕೊನೆಯಲ್ಲಿದ್ದ ಒಂದು ಸಾಲು ಕಣ್ಣಿಗೆ ಬಿತ್ತು. ಬೆಂಗಳೂರಿಗೆ ಫೋನ್ ಮಾಡಿ ಕೇಳಿ, ಲಸಿಕೆಯನ್ನು ಮುಂದೂಡಿದೆವು. ಫೋನ್ ಹಿಡಿದ ನನ್ನ ಕೈ ನಡುಗುತ್ತಿತ್ತು.

ಮುಂದಿನ ಸಲ ಬೆಂಗಳೂರಿಗೆ ಬಂದಾಗ ಇಲ್ಲಿನ ವೈದ್ಯೆಯನ್ನು ನಾನೇ ಕೇಳಿದೆ: ‘ಮೇಡಂ, ನಮ್ಮೂರಿನ ಡಾಕ್ಟರಿಗೆ ಒಂದು ಕಾಗದ ಬರೆದುಕೊಡಿ.’ ಹೊರಗೆ ಸಾಲು ಕಾಯುತ್ತಿದ್ದರೂ ಅವರು ಪುಸ್ತಕದ ಹಿಂದಿನ ಪುಟದಲ್ಲಿ ಏಳು ಸಾಲು ಬರೆದರು. ತೂಕ, ಔಷಧಿಯ ಪ್ರಮಾಣ, ಯಾವ ದಿನದವರೆಗೆ, ಯಾವ ಲಸಿಕೆ ತಡೆಯಬೇಕು. ಪಟ್ಟಿ ಮೂರು ದಿನ ಒಂದೇ ಸಮನೆ 3+, ಅಂದರೆ ಪ್ರೋಟೀನ್ ತುಂಬಾ ಇದೆ ಎಂದು, ತೋರಿಸಿದರೆ ಫೋನ್ ಮಾಡಿ. ಜ್ವರದ ಜೊತೆ ಹೊಟ್ಟೆನೋವು ಬಂದರೆ ಕಾಯದೆ ಕರೆತನ್ನಿ. ನಮ್ಮ ವೈದ್ಯರು ಅದನ್ನು ಎರಡು ಸಲ ಓದಿ, ಕೆಳಗೆ ಅಂದಿನ ರಕ್ತದೊತ್ತಡ, ತೂಕ ಬರೆದು ಸಹಿ ಹಾಕಿದರು.

ಈಗ ಇಬ್ಬರೂ ಆ ಪುಟದಲ್ಲೇ ಬರೆಯುತ್ತಾರೆ. ಇಂದು ನಾವು ಒಳಗೆ ಹೋಗಿ ಮೊದಲು ತೆರೆದು ತೋರಿಸುವುದೂ ಅದನ್ನೇ.