ವಾಲಿಸಿದ್ದು ಅಕ್ಷರ, ಸರಿದದ್ದು ಒತ್ತು

ಪ್ರಶ್ನೆ: ನಮ್ಮೂರ ಕಬಡ್ಡಿ ಪಂದ್ಯದ ಬ್ಯಾನರ್‌ಗೆ ದಪ್ಪಗೆ, ಮುಂದಕ್ಕೆ ವಾಲಿದ ಅಕ್ಷರ ಬೇಕಿತ್ತು. ಬೋಲ್ಡ್, ಇಟಾಲಿಕ್ ಎರಡೂ ಬಟನ್ ಒತ್ತಿದೆ. ಇಂಗ್ಲಿಷ್ ಸಾಲು ಓಡುವ ಹಾಗೆ ಬಂತು, ಕನ್ನಡ ಸಾಲು ಮಾತ್ರ ಕುಡಿದು ತೂರಾಡುವ ಹಾಗಿದೆ. ತಪ್ಪು ಫಾಂಟಿನದಾ, ನನ್ನದಾ?
(ಓದುಗರೊಬ್ಬರು, ಹಾವೇರಿ)

ಉತ್ತರ: ನಿಮ್ಮದಲ್ಲ ಬಿಡಿ, ಆ ಬಟನ್‌ಗಳದು. ಏರಿಯಲ್ ಅಂಥ ಫಾಂಟಿಗೆ ಬೋಲ್ಡ್ ಇಟಾಲಿಕ್ ಅಂತ ಬೇರೆಯೇ ಫೈಲ್ ಇರುತ್ತದೆ. ಯಾರೋ ಕೂತು ಬರೆದದ್ದು. ಕನ್ನಡದ ಬಹುತೇಕ ಫಾಂಟ್‌ಗಳಿಗೆ ಅದಿಲ್ಲ. ಇಲ್ಲ ಅಂತ ಹೇಳುವ ಬದಲು ಸಾಫ್ಟ್‌ವೇರ್ ನೆಟ್ಟಗಿರುವ ಅಕ್ಷರವನ್ನೇ ಹಿಡಿದು ತಳ್ಳುತ್ತದೆ, ದಪ್ಪ ಬೇಕೆಂದರೆ ಅಂಚಿನ ಸುತ್ತ ಬಣ್ಣ ಮೆತ್ತುತ್ತದೆ.

'ಕಬಡ್ಡಿ'ಯನ್ನೇ ನೋಡಿ. ಅಕ್ಷರ ಕೂರುವ ಗೆರೆಯ ಮೇಲಿರುವುದೆಲ್ಲ ಬಲಕ್ಕೆ ಹೋಗುತ್ತದೆ, ಕೆಳಗಿರುವುದು ಎಡಕ್ಕೆ. ಅಂದರೆ ಗುಡಿಸು ಒಂದು ಕಡೆ ಓಡಿತು, ಡ-ಒತ್ತು ಇನ್ನೊಂದು ಕಡೆ ಸರಿದು ಅಕ್ಷರದ ಹೊಟ್ಟೆಯ ಕೆಳಗೆ ಸಿಕ್ಕಿಕೊಂಡಿತು. ಇಂಗ್ಲಿಷಿಗೆ ಒತ್ತಕ್ಷರದ ತಾಪತ್ರಯವೇ ಇಲ್ಲ ಅಲ್ವಾ! ಬಣ್ಣ ಮೆತ್ತಿದ್ದರ ಫಲ ಬೇರೆ. ದ, ಧ ನಡುವೆ ಇರುವುದು ಹೊಟ್ಟೆಯ ಕೆಳಗಿನ ಒಂದು ಸಣ್ಣ ಸೀಳು, ಅದು ಮುಚ್ಚಿಹೋದರೆ ಬಹುಮಾನದ ಧನ ದನವಾಗುತ್ತದೆ.

ಇನ್ನು ನಮ್ಮ ಅಕ್ಷರ ದುಂಡು. ದುಂಡನ್ನು ತಳ್ಳಿದರೆ ಮೊಟ್ಟೆಯಾಗುತ್ತದೆ, ಮೇಲಿನ ಬಲ ಮೂಲೆ ಮತ್ತು ಕೆಳಗಿನ ಎಡ ಮೂಲೆ ದಪ್ಪವಾಗಿ ಉಳಿದೆರಡು ಕಡೆ ಸಣಕಲಾಗುತ್ತದೆ. ಪಾಲ್ ರೆನ್ನರ್ ಮಾಡಿದ, 1927ರಲ್ಲಿ ಜರ್ಮನಿಯಲ್ಲಿ ಬಂದ ಫ್ಯೂಚುರಾ ಫಾಂಟಿನ ಇಂಗ್ಲಿಷ್ 'ಓ' ಕೂಡ ಹೆಚ್ಚುಕಮ್ಮಿ ಬಳೆಯಷ್ಟೇ ದುಂಡು. ಅಮೆರಿಕದ ಕಲಾವಿದೆ ಬಾರ್ಬರಾ ಕ್ರೂಗರ್ ಕೆಂಪು ಪಟ್ಟಿಯ ಮೇಲೆ ಬಿಳಿಯಲ್ಲಿ ಬಳಸುವುದು ಅದರ ದಪ್ಪ, ವಾಲಿದ ರೂಪವನ್ನೇ. ಅಂಥ ರೂಪ ಮಾಡುವವರು ಗೆರೆಯ ದಪ್ಪವನ್ನು ಕೈಯಲ್ಲಿ ತಿದ್ದುತ್ತಾರೆ. ಬಟನ್‌ಗೆ ಅಷ್ಟು ತಾಳ್ಮೆ ಎಲ್ಲಿ.

ನನ್ನ ಕೇಳಿದರೆ ಬೋಲ್ಡ್ ಬಟನ್ ಮುಟ್ಟಲೇಬೇಡಿ. ದಪ್ಪ ರೂಪವನ್ನೂ ಬರೆದೇ ಮಾಡಿರುವ ಬಲೂ ತಮ್ಮ 2 ಅಥವಾ ಅನೇಕ್ ಕನ್ನಡ ಫಾಂಟ್ ತೆಗೆದುಕೊಂಡು ಆ ದಪ್ಪ ರೂಪವನ್ನೇ ಆರಿಸಿ, ಎರಡೂ ಗೂಗಲ್ ಫಾಂಟ್ಸ್‌ನಲ್ಲಿ ಉಚಿತ. ಅಕ್ಷರವನ್ನು ಔಟ್‌ಲೈನ್ ಮಾಡಿ (ಅಂದರೆ ಟೈಪ್ ಮಾಡಿದ್ದನ್ನು ಬಿಡಿ ಆಕಾರಗಳಾಗಿ ಬದಲಿಸಿ) ಏಳೆಂಟು ಡಿಗ್ರಿ ಮಾತ್ರ ವಾಲಿಸಿ, ಆಮೇಲೆ ಪ್ರತಿ ಒತ್ತನ್ನೂ ಕೈಯಿಂದ ಬಲಕ್ಕೆ ಎಳೆದು ಕೂರಿಸಿ. ಇದು ಬೇಜಾರಿನ ಕೆಲಸ, ಆದರೆ ಬ್ಯಾನರಿನಲ್ಲಿ ಇರುವುದು ನಾಲ್ಕೇ ಪದ ತಾನೆ?

ಪ್ರಶ್ನೆ: ಇಟಾಲಿಕ್ ಅಂದರೆ ವಾಲಿಸುವುದು ಅಷ್ಟೇನಾ?
(ಓದುಗರು, ಉಡುಪಿ)

ಉತ್ತರ: ಮೊದಲು ಹಾಗಿರಲಿಲ್ಲ. 1501ರಲ್ಲಿ ವೆನಿಸ್‌ನ ಆಲ್ಡಸ್ ಮನೂಷಿಯಸ್ ಇಡೀ ಪುಸ್ತಕವನ್ನೇ ಇಟಾಲಿಕ್‌ನಲ್ಲಿ ಅಚ್ಚು ಹಾಕಿದ, ಆಗಿನ ವಿದ್ವಾಂಸರ ಕೈಬರಹದ ಮಾದರಿಯಲ್ಲಿ. ಒಂದು ಪದವನ್ನು ಎತ್ತಿ ತೋರಿಸಲು ಬಳಸಿದ್ದು ಆಮೇಲಿನ ಮಾತು. ಸ್ಯಾನ್ಸ್ ಸೆರಿಫ್‌ನಲ್ಲಿ, ಅಂದರೆ ತುದಿಯಲ್ಲಿ ಪುಟ್ಟ ಅಡ್ಡಗೆರೆ ಇಲ್ಲದ ಅಕ್ಷರಗಳಲ್ಲಿ ಮಾತ್ರ ಜಾಸ್ತಿ ಕಾಣುವುದು ನೀವು ಹೇಳಿದ ಹಾಗೆ ಸುಮ್ನೆ ವಾಲಿಸಿ ತಿದ್ದಿದ ರೂಪವೇ. ಕನ್ನಡದಲ್ಲಿ ಬರೆದೇ ಮಾಡಿದ ಇಟಾಲಿಕ್ ನೋಡಬೇಕೆಂದರೆ ಟೀರೋ ಕನ್ನಡ ತೆರೆಯಿರಿ. ಆದರೆ ಅದು ಪುಸ್ತಕದ ಪುಟಕ್ಕೆ, ಕಬಡ್ಡಿ ಬ್ಯಾನರಿಗಲ್ಲ.